80 ಗಂಟೆಗಳ ಅರಿಗಾತೋ

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು. ರಸ್ತೆ ದಾಟಲು ಕಾರು ನಿಲ್ಲಿಸಿಕೊಟ್ಟ ಚಾಲಕನ ಕಡೆಗೆ ತಿರುಗಿ ಜಪಾನಿನ ಶಾಲಾ ಮಕ್ಕಳು ತಲೆಬಾಗುವ ವಿಡಿಯೊ. ಕೆಳಗೆ ಅವರದೇ ಒಕ್ಕಣೆ: "ಇದು ಸಂಸ್ಕಾರ. ನಮ್ಮ ಭಾಷೇಲಿ ಥ್ಯಾಂಕ್ಸ್ ಅನ್ನೋದಕ್ಕೆ ಒಂದು ಸ್ವಂತ ಪದವೂ ಇಲ್ಲ." ನೋಡುನೋಡುತ್ತಿದ್ದಂತೆ ಹತ್ತಾರು ಜನ ಕೈಮುಗಿದ ಚಿತ್ರ ಒತ್ತಿದರು. "ನೀನು ಅಲ್ಲೇ ಇದ್ದವಳಲ್ಲ, ನೀನೇ ಹೇಳು" ಎಂದು ಅತ್ತೆ ನನ್ನನ್ನು ಎಳೆದರು.

ಆ ಮಕ್ಕಳ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಒಕ್ಕಣೆಯ ಮೇಲೆ. ಜಪಾನೀಯರು ಹುಟ್ಟಾ ಕೃತಜ್ಞರು, ನಾವು ಹುಟ್ಟಾ ಒರಟರು ಎಂಬ ಈ ಮಾತನ್ನು ನಮ್ಮ ಪ್ರವಾಸ ಬರಹಗಳಲ್ಲಿ, ಭಾಷಣಗಳಲ್ಲಿ, ಈಗ ಮೊಬೈಲಿನಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕೇಳುವುದಕ್ಕೆ ವಿನಯದಂತೆ ಇದೆ. ಆದರೆ ಇದರಿಂದ ನಿಜವಾಗಿ ಪೆಟ್ಟು ತಿನ್ನುವವರು ಇದ್ದಾರೆ. ಅವರಲ್ಲಿ ನಾನೂ ಒಬ್ಬಳಾಗಿದ್ದೆ. ಗುಂಪಿನಲ್ಲಿ ಅಷ್ಟುದ್ದ ಬರೆಯಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪದವನ್ನೇ ನೋಡೋಣ. 'ಅರಿಗಾತೋ ಗೊಝಾಯಿಮಾಸ್' ಎಂದರೆ 'ಧನ್ಯವಾದಗಳು' ಎಂದು ಎಲ್ಲ ಪಠ್ಯಪುಸ್ತಕಗಳೂ ಮೊದಲ ಪಾಠದಲ್ಲೇ ಹೇಳಿ ಮುಗಿಸುತ್ತವೆ. ಬಿಡಿಸಿದರೆ ಅದರೊಳಗೆ ಧನ್ಯನೂ ಇಲ್ಲ, ವಾದವೂ ಇಲ್ಲ. 'ಅರಿ' ಎಂದರೆ ಇರುವುದು, 'ಗಾತಾಯಿ' ಎಂದರೆ ಕಷ್ಟ. ಇರುವುದು ಕಷ್ಟ, ಅಂದರೆ ಸಿಗುವುದು ಅಪರೂಪ. 'ಗೊಝಾಯಿಮಾಸ್' ಬರೀ 'ಇದೆ' ಎನ್ನುವುದರ ಮರ್ಯಾದೆಯ ರೂಪ. ಸುಮಾರು ಸಾವಿರ ವರ್ಷಗಳ ಹಿಂದೆ ಸೇಯಿ ಶೋನಾಗೊನ್ ಎಂಬ ಅರಮನೆಯ ಹೆಂಗಸು ಬರೆದ 'ಮಕುರಾ ನೊ ಸೋಶಿ'ಯಲ್ಲಿ 'ಅರಿಗಾತಾಕಿ ಮೊನೊ' ಎಂಬ ಒಂದು ಪಟ್ಟಿ ಇದೆ. ಅಪರೂಪದ ಸಂಗತಿಗಳ ಪಟ್ಟಿ. ಅದರಲ್ಲಿ ಮಾವನಿಂದ ಹೊಗಳಿಸಿಕೊಂಡ ಅಳಿಯ ಬರುತ್ತಾನೆ, ಅತ್ತೆಗೆ ಅಚ್ಚುಮೆಚ್ಚಾದ ಸೊಸೆ ಬರುತ್ತಾಳೆ. ಓದಿ ನಾನು ಜೋರಾಗಿ ನಕ್ಕಿದ್ದೆ. ಇದನ್ನು ನಮ್ಮ ತೀರ್ಥಹಳ್ಳಿಯ ಯಾವ ಜಗಲಿಯ ಮೇಲೆ ಕೂತು ಬೇಕಾದರೂ ಬರೆಯಬಹುದಿತ್ತು. ಆಗಿನ್ನೂ ಆ ಮಾತಿನಲ್ಲಿ ಥ್ಯಾಂಕ್ಸ್ ಇರಲಿಲ್ಲ, ಅಪರೂಪ ಎಂಬ ಬೆರಗು ಮಾತ್ರ ಇತ್ತು. ಇದು ಪೋರ್ಚುಗೀಸರ 'ಒಬ್ರಿಗಾದೊ'ದಿಂದ ಬಂದದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೋರ್ಚುಗೀಸರು ಜಪಾನು ಮುಟ್ಟಿದ್ದು 1543ರಲ್ಲಿ. ಅಷ್ಟರಲ್ಲಿ ಈ ಪದಕ್ಕೆ ನೂರಾರು ವರ್ಷ ವಯಸ್ಸಾಗಿತ್ತು.

ಅಂದರೆ ಅವರಿಗೂ ಥ್ಯಾಂಕ್ಸಿಗೆಂದೇ ಹುಟ್ಟಿದ ಪದ ಇರಲಿಲ್ಲ, ಚಿಕ್ಕಪ್ಪ. ಬೇರೆ ಯಾವುದೋ ಕೆಲಸಕ್ಕಿದ್ದ ಪದವನ್ನು ಕರೆತಂದು ಕೂರಿಸಿಕೊಂಡರು. ನಾವು ಸಂಸ್ಕೃತದಿಂದ ಧನ್ಯವಾದ ತಂದುಕೊಂಡೆವು, ಅದು ಬಾಯಿಗೆ ಭಾರವಾಯಿತು, ಇಂಗ್ಲಿಷಿನಿಂದ ಥ್ಯಾಂಕ್ಸ್ ತಂದುಕೊಂಡೆವು. ಓಸಾಕಾ ಕಡೆಯವರು ಇನ್ನೂ ಮುಂದೆ ಹೋಗಿ 'ಓಕಿನಿ' ಎಂದಷ್ಟೇ ಹೇಳುತ್ತಾರೆ. ಅದಕ್ಕೆ 'ಬಹಳ' ಎಂದರ್ಥ. ಬಹಳ ಏನು ಎನ್ನುವುದನ್ನು ನುಂಗಿಬಿಟ್ಟಿದ್ದಾರೆ. ನಾನು ಎರಡು ವರ್ಷ ಇದ್ದದ್ದು ಅದೇ ಕಡೆ. ಅಂಗಡಿಯ ಮುದುಕ ಚಿಲ್ಲರೆ ಕೊಡುತ್ತ 'ಬಹಳ' ಎಂದಾಗೆಲ್ಲ ನನಗೆ ನಮ್ಮೂರ ಶೆಟ್ಟರ ನೆನಪಾಗುತ್ತಿತ್ತು.

ನಾನು ಹೋದದ್ದು ಭಾಷೆ ಕಲಿಯಲು. ವಿದ್ಯಾರ್ಥಿ ವೀಸಾದವರಿಗೆ ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ಅರೆಕಾಲಿಕ ಕೆಲಸ ಮಾಡುವ ಅವಕಾಶ ಇದೆ. ಊಟದ ಡಬ್ಬಿ ಕಟ್ಟುವ ಒಂದು ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಹೆಸರು ಬೇಡ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ನನ್ನ ಜೊತೆ ಅನ್ನ ತುಂಬುತ್ತಿದ್ದರು. ಮನಸ್ಸಿನಲ್ಲೇ ಅವರನ್ನು ಅಜ್ಜಿ ಎಂದು ಕರೆಯುತ್ತಿದ್ದೆ. ಮೇಲಿನ ಕಪಾಟಿನಿಂದ ನಾನು ಭಾರದ ಪಾತ್ರೆ ಇಳಿಸಿಕೊಟ್ಟರೆ ಅವರು 'ಅರಿಗಾತೋ' ಎನ್ನುತ್ತಿದ್ದದ್ದು ಕಡಿಮೆ, 'ಸುಮಿಮಾಸೆನ್' ಎನ್ನುತ್ತಿದ್ದರು. ಪುಸ್ತಕದ ಪ್ರಕಾರ ಅದು 'ಕ್ಷಮಿಸಿ'. ಇವರೇಕೆ ದಿನಕ್ಕೆ ಹತ್ತು ಸಲ ನನ್ನಲ್ಲಿ ಕ್ಷಮೆ ಕೇಳುತ್ತಾರೆ ಎಂದು ನನಗೆ ಮುಜುಗರ. 'ಪರವಾಗಿಲ್ಲ, ಪರವಾಗಿಲ್ಲ' ಎಂದು ನಾನೂ ತಲೆಬಾಗುತ್ತಿದ್ದೆ, ಅವರೂ ಬಾಗುತ್ತಿದ್ದರು, ಪಾತ್ರೆಯಲ್ಲಿ ಅನ್ನ ಆರುತ್ತಿತ್ತು.

'ಸುಮಿಮಾಸೆನ್' ಎಂದರೆ 'ಮುಗಿಯಲಿಲ್ಲ', 'ತೀರಲಿಲ್ಲ'. ನಿಮ್ಮಿಂದ ಪಡೆದದ್ದು ಇಲ್ಲಿಗೆ ತೀರುವುದಿಲ್ಲ ಎಂಬ ಭಾವ. ಮನಃಶಾಸ್ತ್ರಜ್ಞ ತಾಕೆಯೊ ದೋಯಿ 1971ರಲ್ಲಿ ಬರೆದ ಅವಲಂಬನೆಯ ಕುರಿತ ಪುಸ್ತಕದಲ್ಲಿ ತನ್ನದೇ ಪ್ರಸಂಗ ಹೇಳಿಕೊಂಡಿದ್ದಾನೆ. ಅಮೆರಿಕದಲ್ಲಿ ಉಪಕಾರ ಮಾಡಿದ ಮೇಲಧಿಕಾರಿಗೆ ಥ್ಯಾಂಕ್ಸ್ ಅನ್ನುವ ಬದಲು ಇದೇ ಅಭ್ಯಾಸದಿಂದ ಸಾರಿ ಅಂದುಬಿಟ್ಟನಂತೆ. ಯಾತಕ್ಕೆ ಸಾರಿ ಎಂದು ಅವರು ಕೇಳಿದರಂತೆ. ಅಮೆರಿಕದವರಿಗೆ ಇದು ಒಗಟು. ನಮಗೇಕೆ ಒಗಟಾಗಬೇಕು? ಮಳೆಯಲ್ಲಿ ಬಂದು ಪಕ್ಕದ ಮನೆಯಲ್ಲಿ ಕಾಫಿ ಕುಡಿದು ಏಳುವಾಗ ನಮ್ಮಮ್ಮ ಇಂದಿಗೂ ಹೇಳುವುದು "ಸುಮ್ನೆ ನಿಮ್ಗೆ ತೊಂದ್ರೆ ಕೊಟ್ಟೆ" ಎಂದೇ. "ಧನ್ಯವಾದಗಳು" ಎಂದರೆ ಆ ಮನೆಯವರು ಇವಳಿಗೆ ಏನೋ ಕೋಪ ಬಂದಿದೆ ಅಂದುಕೊಂಡಾರು. "ದೊಡ್ಡ ಉಪಕಾರ ಆಯ್ತು", "ನಿನ್ನ ಹೊಟ್ಟೆ ತಣ್ಣಗಿರ್ಲಿ", "ನಿಮ್ಮ ಋಣ ಹೇಗೆ ತೀರ್ಸೋದೋ": ಇವೆಲ್ಲ ಏನು? ಪದಕೋಶದಲ್ಲಿ ಒಂದು ಖಾಲಿ ಜಾಗ ಕಂಡಿತೆಂದು ಬದುಕಿನಲ್ಲೂ ಅದು ಖಾಲಿ ಎಂದು ತೀರ್ಮಾನಿಸುವುದು ಎಂಥ ಸೋಮಾರಿತನ.

ರೂತ್ ಬೆನೆಡಿಕ್ಟ್ 1946ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಜಪಾನೀಯರ 'ಓನ್' ಎಂಬ ಋಣದ ಕಲ್ಪನೆಯನ್ನು ವಿಸ್ತಾರವಾಗಿ ಬಿಡಿಸಿಡುತ್ತಾಳೆ. ಅರಿಗಾತೋ, ಸುಮಿಮಾಸೆನ್ ಎಲ್ಲ ಅಲ್ಲಿ ಸಾಲದ ಭಾರ ಹೊತ್ತವರ ಉದ್ಗಾರಗಳು. ಯುದ್ಧಕಾಲದ ಕೆಲಸ ಅದು. ಆಕೆ ಜಪಾನನ್ನು ಕಣ್ಣಾರೆ ಕಂಡವಳಲ್ಲ. ಅದರ ತಪ್ಪುಒಪ್ಪುಗಳ ಬಗ್ಗೆ ಜಪಾನೀಯರೇ ಬೇಕಾದಷ್ಟು ಜಗಳವಾಡಿದ್ದಾರೆ, ನಾನು ಸೇರಿಸುವುದೇನೂ ಇಲ್ಲ. ಆದರೆ ಅನ್ನದ ಋಣ, ಮಣ್ಣಿನ ಋಣ, ಪಿತೃಋಣ ಎಂದು ಬೆಳೆದ ಕನ್ನಡದ ಓದುಗರು ಕೂಡ ಅಮೆರಿಕನ್ನಳ ಕನ್ನಡಕ ಹಾಕಿಕೊಂಡು 'ಅಬ್ಬಾ, ಎಂಥ ವಿಚಿತ್ರ ಜನ' ಎಂದು ಬೆರಗಾಗುವುದು ಮಾತ್ರ ನಗು ತರಿಸುತ್ತದೆ. ನಮಗೆ ಇನ್ನೊಂದು ಪದವೂ ಇದೆಯಲ್ಲ, ಹಂಗು. ಋಣ ಒಳಗಿನಿಂದ ಹೇಳಿಕೊಳ್ಳುವುದು, ಹಂಗು ಹೊರಗಿನಿಂದ ಹೇರಿಸಿಕೊಳ್ಳುವುದು. ಈ ಎರಡರ ನಡುವಿನ ಗೆರೆ ನನಗೆ ಆ ಅಡುಗೆಮನೆಯಲ್ಲಿ ಸ್ಪಷ್ಟವಾಗಿ ಕಾಣಬೇಕಿತ್ತು. ಕಾಣಲಿಲ್ಲ.

ಅದಕ್ಕೆ ಬರುವ ಮೊದಲು ವ್ಯಾಕರಣದ ಒಂದು ಮಾತು. ಬೇಸರಪಡಬೇಡಿ, ಜಪಾನಿನ ಕೃತಜ್ಞತೆಯ ಬಹುಪಾಲು ಇರುವುದೇ ಇಲ್ಲಿ. ಶಾಲೆಯಲ್ಲಿ ನಾನೊಮ್ಮೆ "ಗೆಳತಿ ಮನೆ ಸಾಗಿಸಲು ಸಹಾಯ ಮಾಡಿದಳು" ಎಂದು ಜಪಾನಿಯಲ್ಲಿ ಬರೆದೆ. ಶಿಕ್ಷಕಿ ಕೆಂಪು ಶಾಯಿಯಲ್ಲಿ ಕ್ರಿಯಾಪದ ತಿದ್ದಿದರು. 'ತೆತ್ಸುದಾಯಿಮಾಶಿತಾ' ಅಲ್ಲ, 'ತೆತ್ಸುದಾತ್ತೆ ಕುರೆಮಾಶಿತಾ'. ಸಹಾಯ ಮಾಡಿದಳು ಅಲ್ಲ, ಮಾಡಿಕೊಟ್ಟಳು. 'ಕುರೆರು' ಎಂದರೆ ನನ್ನ ಕಡೆಗೆ ಕೊಡುವುದು. ಅದನ್ನು ಬಿಟ್ಟರೆ ವಾಕ್ಯ ತಪ್ಪಲ್ಲ, ಆದರೆ ತಣ್ಣಗಿರುತ್ತದೆ. ಆಕೆ ಮಾಡಿದ್ದು ನನಗೆ ತಟ್ಟಲೇ ಇಲ್ಲ ಎಂಬಂತೆ. ನೂರು ಸಲ ಅರಿಗಾತೋ ಎಂದು ಈ 'ಕುರೆರು' ಬಿಟ್ಟವಳು ಅವರ ಕಿವಿಗೆ ಕೃತಘ್ನಳಂತೆ ಕೇಳಿಸುತ್ತಾಳೆ. ಒಮ್ಮೆಯೂ ಅರಿಗಾತೋ ಎನ್ನದೆ ಕ್ರಿಯಾಪದದಲ್ಲೇ ಉಪಕಾರ ನೆನೆದವಳು ಮರ್ಯಾದಸ್ಥೆ. ಕನ್ನಡದವರಿಗೆ ಇದು ಕೂಡಲೇ ಗೊತ್ತಾಗಬೇಕು. 'ಬರೆದರು' ಬೇರೆ, 'ಬರೆದುಕೊಟ್ಟರು' ಬೇರೆ. ದಿಕ್ಕು ನೋಡಿ ಕೊಡುವ ಕ್ರಿಯಾಪದವನ್ನೇ ಬದಲಿಸುವುದು ಪಕ್ಕದ ಮಲಯಾಳಂನಲ್ಲಿ ಇಂದಿಗೂ ಇದೆ: ನನಗೋ ನಿಮಗೋ ಆದರೆ ತರು, ಮೂರನೆಯವರಿಗಾದರೆ ಕೊಡು. ಇಂಗ್ಲಿಷಿನ ಮೂಲಕ ಜಪಾನಿ ಕಲಿಯುವ ನಮ್ಮ ದುರದೃಷ್ಟದಿಂದ ಇಷ್ಟು ಹತ್ತಿರದ ದಾರಿ ಬಿಟ್ಟು ಲಂಡನ್ನಿನ ಮೇಲೆ ಸುತ್ತಿ ಹೋಗುತ್ತೇವೆ.

ಇನ್ನು ಮರ್ಯಾದೆ ಏರಿದಂತೆ ಏನಾಗುತ್ತದೆ ನೋಡಿ. ಸಮಾನರು 'ಕುರೆರು', ದೊಡ್ಡವರು 'ಕುದಸಾರು'. ಅದರ ಬೇರಿನಲ್ಲಿ ಇರುವುದು ಕೆಳಗಿಳಿಸು ಎಂಬ ಅರ್ಥ. ಮೇಲಿರುವವರು ಕೆಳಕ್ಕೆ ಇಳಿಸಿಕೊಡುತ್ತಾರೆ. ಪಡೆಯುವ ನಾನು 'ಇತದಾಕು' ಅನ್ನಬೇಕು. ಅದರ ಹಳೆಯ ಅರ್ಥ ತಲೆಯ ಮೇಲೆ ಇಟ್ಟುಕೊಳ್ಳುವುದು. ಬೆಟ್ಟದ ತುದಿಗೂ ಅದೇ ಬೇರಿನ 'ಇತದಾಕಿ' ಎಂಬ ಹೆಸರು. ಊಟಕ್ಕೆ ಮುನ್ನ ಎಲ್ಲರೂ ಹೇಳುವ 'ಇತದಾಕಿಮಾಸ್' ಇದೇ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡಂತೆ. ಚೆಂದವೇ. ಊಟ ಮುಗಿದ ಮೇಲೆ ಹೇಳುವ 'ಗೊಚಿಸೋಸಾಮಾ' ಇನ್ನೂ ಚೆಂದ. 'ಚಿಸೋ' ಎಂದರೆ ಓಡಾಟ, ಈ ಊಟ ಹೊಂದಿಸಲು ಯಾರೋ ಓಡಾಡಿದರಲ್ಲ, ಅದರ ನೆನಪು. ಕ್ಷೇಮವೇ ಎಂದರೆ 'ಓಕಾಗೆಸಾಮಾ ದೆ' ಎನ್ನುತ್ತಾರೆ, ನಿಮ್ಮ ನೆರಳಿನಿಂದ. ದೊಡ್ಡವರ ನೆರಳಲ್ಲಿ ಇದ್ದೀವಿ ಎನ್ನುವ ನಮಗೆ ಇದನ್ನು ಯಾರೂ ಅನುವಾದಿಸಿ ಕೊಡಬೇಕಿಲ್ಲ.

ಆದರೆ ಚೆಂದ ಇಲ್ಲಿಗೆ ನಿಲ್ಲುವುದಿಲ್ಲ. ಕಚೇರಿಯ ಭಾಷೆಯಲ್ಲಿ, ಗಿರಾಕಿಯ ಮುಂದೆ, ಯಜಮಾನನ ಮುಂದೆ ಥ್ಯಾಂಕ್ಸ್ ಇನ್ನೂ ಮೇಲಕ್ಕೇರಿದರೆ ಅದು 'ಓಸೊರೆಇರಿಮಾಸ್' ಆಗುತ್ತದೆ, 'ಕ್ಯೋಶುಕು ದೆಸ್' ಆಗುತ್ತದೆ. ಮೊದಲನೆಯದರಲ್ಲಿ ಇರುವುದು ಭಯ. ಎರಡನೆಯದರ ಎರಡು ಅಕ್ಷರಗಳು ಭಯ ಮತ್ತು ಕುಗ್ಗುವಿಕೆ. ನೀವು ಮಾಡಿದ ಉಪಕಾರದಿಂದ ಹೆದರಿ ಮುದುಡಿಹೋದೆ ಎಂದು ಹೇಳುವುದು ಅತ್ಯಂತ ಸಭ್ಯವಾದ ಕೃತಜ್ಞತೆ! ದಿನವೂ ಹೇಳುವವರಿಗೆ ಆ ಅರ್ಥ ಕೇಳಿಸುವುದಿಲ್ಲ, ನಿಜ. ನಮಗೆ 'ತಮ್ಮ ವಿಧೇಯ' ಎಂದು ಅರ್ಜಿಯ ಕೊನೆಗೆ ಬರೆಯುವಾಗ ಕೇಳಿಸುತ್ತದೆಯೇ? ಆದರೆ ಸವೆದ ನಾಣ್ಯದ ಮೇಲೂ ರಾಜನ ಮುಖ ಇರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಆ ಮುಖ ಕಂಡಿತ್ತು. ದಣಿದು ಹೊರಟ ಮ್ಯಾನೇಜರರಿಗೆ ನಾನು ಖುಷಿಯಿಂದ 'ಗೊಕುರೋಸಾಮಾ' ಎಂದೆ, ನಿಮ್ಮ ಶ್ರಮಕ್ಕೆ ವಂದನೆ ಎಂಬ ಅರ್ಥದಲ್ಲಿ. ಅಡುಗೆಮನೆ ಒಂದು ಕ್ಷಣ ತಣ್ಣಗಾಯಿತು. ಅದು ಯಜಮಾನ ಆಳಿಗೆ ಹೇಳುವ ಮಾತಂತೆ. ಕೆಳಗಿನವರು ಹೇಳಬೇಕಾದದ್ದು 'ಓತ್ಸುಕಾರೆಸಾಮಾ'. ಭಾವ ಒಂದೇ, ಬಾಗಿಲು ಬೇರೆ. ಹಿಂದಿನ ಬಾಗಿಲಿನಿಂದ ಬರಬೇಕಾದವಳು ನಾನು ಮುಂದಿನ ಬಾಗಿಲಿನಿಂದ ಬಂದಿದ್ದೆ. ನಾಚಿಕೆಯಿಂದ ಅಂದಿನಿಂದ ನಾನು ಎಲ್ಲದಕ್ಕೂ ಅರಿಗಾತೋ ಗೊಝಾಯಿಮಾಸ್ ಎನ್ನತೊಡಗಿದೆ. ಬೈದರೂ, ಕಲಿಸಿದರೂ, ಪಾಳಿ ಬದಲಿಸಿದರೂ.

ಅಲ್ಲಿಯ ಶೌಚಾಲಯದ ಗೋಡೆಗಳ ಮೇಲೆ ಒಂದು ಫಲಕ ಇರುತ್ತದೆ: ಯಾವಾಗಲೂ ಸ್ವಚ್ಛವಾಗಿ ಬಳಸುತ್ತಿರುವುದಕ್ಕೆ ಧನ್ಯವಾದಗಳು. ನಾನಿನ್ನೂ ಬಳಸಿಯೇ ಇಲ್ಲ, ಆಗಲೇ ಥ್ಯಾಂಕ್ಸ್ ಬಂದಾಯಿತು! ನಮ್ಮ ಪ್ರವಾಸಿಗಳು ಇದರ ಫೋಟೊ ತೆಗೆದು 'ಗಲೀಜು ಮಾಡಬೇಡಿ ಅನ್ನೋದನ್ನೂ ಎಷ್ಟು ಸಭ್ಯವಾಗಿ ಹೇಳ್ತಾರೆ' ಎಂದು ಹಾಕುತ್ತಾರೆ. ಸಭ್ಯವೇ. ಆದರೆ ಅದು ಆಜ್ಞೆ ಎಂಬುದನ್ನು ಮರೆಯಬೇಡಿ. 'ಬೇಡಿ' ಎಂದರೆ ಏಕೆ ಎಂದು ಕೇಳಬಹುದು. ಮುಂಗಡವಾಗಿ ಥ್ಯಾಂಕ್ಸ್ ಹೇಳಿದವರಿಗೆ ಏನೆಂದು ಎದುರಾಡುತ್ತೀರಿ?

ನಮ್ಮ ಮ್ಯಾನೇಜರರ ಥ್ಯಾಂಕ್ಸ್ ಆ ಫಲಕದ ಜಾತಿಯದು. ಪಾಳಿ ಮುಗಿಯುತ್ತಿದ್ದದ್ದು ರಾತ್ರಿ ಎಂಟಕ್ಕೆ. ಕಾರ್ಡ್ ಒತ್ತಿದ ಮೇಲೆ ನೆಲ ತೊಳೆದು, ಚರಂಡಿಯ ಜಾಲರಿ ಉಜ್ಜುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ. ಅದನ್ನು ಮಾಡುತ್ತಿದ್ದದ್ದು ನಾನು ಮತ್ತು ಒಬ್ಬ ನೇಪಾಳದ ಹುಡುಗ. ದಿನವೂ ಮ್ಯಾನೇಜರ್ ಬಾಗಿಲಲ್ಲಿ ನಿಂತು, ನಿಮ್ಮಿಂದ ಯಾವಾಗಲೂ ನನಗೆ ದೊಡ್ಡ ಸಹಾಯ, ಅರಿಗಾತೋ ನೆ, ಎಂದು ತಲೆಬಾಗುತ್ತಿದ್ದರು. ನಾನು ಅವರಿಗಿಂತ ಕೆಳಗೆ ಬಾಗಿ, ನಾನೇ ನಿಮಗೆ ಹೇಳಬೇಕು, ಅರಿಗಾತೋ ಗೊಝಾಯಿಮಾಸ್, ಎನ್ನುತ್ತಿದ್ದೆ. ಊರಿಗೆ ಫೋನು ಮಾಡಿ "ಇಲ್ಲಿ ಯಜಮಾನರೇ ಆಳಿಗೆ ಥ್ಯಾಂಕ್ಸ್ ಹೇಳ್ತಾರಮ್ಮ" ಎಂದು ಹೆಮ್ಮೆಯಿಂದ ಹೇಳಿದ್ದೂ ಉಂಟು. ಚಿಕ್ಕಪ್ಪನ ಒಕ್ಕಣೆ ಆಗ ನನ್ನದೇ ಆಗಿತ್ತು.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಅರವತ್ತು ವಾರ. 80 ಗಂಟೆ. ಈ ಲೆಕ್ಕ ಹಾಕಿಕೊಟ್ಟದ್ದು ನಾನಲ್ಲ, ಅಜ್ಜಿ.

ಅಜ್ಜಿಯಷ್ಟು ವಿನಯದ ಹೆಂಗಸನ್ನು ನಾನು ಆ ಊರಿನಲ್ಲಿ ಕಾಣಲಿಲ್ಲ. ಆದರೆ ಗಡಿಯಾರ ಎಂಟು ತೋರಿಸಿದರೆ ಮುಗಿಯಿತು. ಏಪ್ರನ್ ಬಿಚ್ಚಿ ಮಡಿಸಿ, 'ಓಸಾಕಿ ನಿ ಶಿತ್ಸುರೆ ಶಿಮಾಸ್' ಎಂದು, ಅಂದರೆ ನಿಮಗಿಂತ ಮುಂಚೆ ಹೊರಡುವ ಒರಟುತನಕ್ಕೆ ಮನ್ನಿಸಿ ಎಂದು ಬಾಗಿ, ಹೊರಟೇಬಿಡುತ್ತಿದ್ದರು. ಒಂದು ನಿಮಿಷ ಹೆಚ್ಚು ನಿಂತವರಲ್ಲ. ನನಗೆ ವಿನಯ ಹಗ್ಗವಾಗಿತ್ತು, ಅವರಿಗೆ ಅದು ಕೊಡೆ. ಒಂದು ರಾತ್ರಿ ಮರೆತ ಛತ್ರಿಗೆಂದು ಹಿಂದಿರುಗಿದವರು ನಮ್ಮ ಬಾಗುವಾಟವನ್ನು ನೋಡಿದರು. ಮರುದಿನ ಅನ್ನ ತುಂಬುತ್ತ ಮೆಲ್ಲಗೆ ಕೇಳಿದರು: "ನಿನ್ನೆ ನೀನು ಅವರಿಗೆ ಅರಿಗಾತೋ ಅಂದೆಯಲ್ಲ, ಏನು ಪಡೆದುಕೊಂಡೆ?"

ನನಗೆ ಉತ್ತರ ಹೊಳೆಯಲಿಲ್ಲ. "ಅದು ಪಡೆದಾಗ ಹೇಳೋ ಮಾತು ಕಣಮ್ಮ" ಎಂಬ ಧಾಟಿಯಲ್ಲಿ ಅಂದರು. ಆಮೇಲೆ ಡಬ್ಬಿಯ ಲೇಬಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ಮಾಡಿದ ಕೆಲಸದ ಸಮಯಕ್ಕೆಲ್ಲ ಕೂಲಿ ಕೊಡಬೇಕೆಂದು ಇಲ್ಲಿಯ ಕಾನೂನು ಎಂದೂ ಹೇಳಿ, ಒಂದು ವಾಕ್ಯ ಕಲಿಸಿದರು: 'ಸೊರೆ ವಾ ಕೊಮಾರಿಮಾಸ್'. ಅದರಿಂದ ನನಗೆ ತೊಂದರೆಯಾಗುತ್ತದೆ. 'ಆಗುವುದಿಲ್ಲ' ಎಂಬ ಮಾತು ಅದರಲ್ಲಿಲ್ಲ, ಸಿಟ್ಟಿಲ್ಲ, ಯಾರ ಮೇಲೂ ದೂರಿಲ್ಲ. ಎರಡು ವರ್ಷದ ಪಾಠದಲ್ಲಿ ಯಾವ ಪುಸ್ತಕವೂ ಇದನ್ನು ಸಭ್ಯತೆಯ ಅಧ್ಯಾಯದಲ್ಲಿ ಸೇರಿಸಿರಲಿಲ್ಲ.

ಹೇಳಿದೆ. ಮೂರು ದಿನ ಧೈರ್ಯ ಸಾಲದೆ, ನಾಲ್ಕನೆಯ ದಿನ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು 'ಸುಮಿಮಾಸೆನ್' ಎಂದರು. ಮುಂದಿನ ವಾರದಿಂದ ಏಳೂ ನಲವತ್ತಕ್ಕೇ ತೊಳೆಯುವುದು ಶುರುವಾಯಿತು. ಹಿಂದಿನದರ ಮಾತು ಬರಲಿಲ್ಲ. ಸುಮಿಮಾಸೆನ್, ತೀರಲಿಲ್ಲ, ಆ 80 ಗಂಟೆ ನಿಜಕ್ಕೂ ತೀರಲಿಲ್ಲ.

ಇದನ್ನೆಲ್ಲ ಓದಿ 'ಹಾಗಾದರೆ ಜಪಾನೀಯರದೆಲ್ಲ ನಾಟಕ' ಎಂದು ಹೊರಡುವ ಇನ್ನೊಂದು ಗುಂಪಿದೆ. ಅವರ ಜೊತೆಗೂ ನಾನಿಲ್ಲ. ನನ್ನ ಪರ ನಿಂತದ್ದೂ ಆ ಭಾಷೆಯೇ, ಅದನ್ನು ಆಡುತ್ತ ಮುದುಕಿಯಾದ ಒಬ್ಬ ಹೆಂಗಸಿನ ಬಾಯಲ್ಲಿ. ಅಲ್ಲದೆ ಅವರಿಂದ ಕಲಿತ ಒಂದು ಅಭ್ಯಾಸವನ್ನು ನಾನಿನ್ನೂ ಬಿಟ್ಟಿಲ್ಲ. ಉಪಕಾರ ಪಡೆದವರು ಮುಂದಿನ ಸಲ ಸಿಕ್ಕಾಗ ಮೊದಲು 'ಸೆನ್‌ಜಿತ್ಸು ವಾ ಅರಿಗಾತೋ ಗೊಝಾಯಿಮಾಶಿತಾ' ಎನ್ನುತ್ತಾರೆ, ಮೊನ್ನೆಯದಕ್ಕೆ ಇನ್ನೊಮ್ಮೆ ಥ್ಯಾಂಕ್ಸ್ ಎಂದು. ಕೊಟ್ಟವನು ಮರೆತಿರಬಹುದು, ಪಡೆದವನು ಮರೆತಿಲ್ಲ. ಮೊದಮೊದಲು ನನಗೆ ಇದು ಲೆಕ್ಕ ಇಡುವಂತೆ ಕಂಡಿತ್ತು. ಸಾವಿನ ಮನೆಗೆ ಕೊಟ್ಟ ಕಾಣಿಕೆಗೆ ಸುಮಾರು ಅರ್ಧದಷ್ಟು ಬೆಲೆಯ ವಸ್ತುವನ್ನು ಹಿಂದಿರುಗಿಸುವ ಅವರ ಪದ್ಧತಿ ಈಗಲೂ ಹಾಗೇ ಕಾಣುತ್ತದೆ. ಆದರೆ ಈ ಎರಡನೆಯ ಥ್ಯಾಂಕ್ಸ್ ಬೇರೆ. ಊರಿಗೆ ಬಂದ ಮೇಲೆ ಹಾಲಿನವನಿಗೆ, ಡಾಕ್ಟರ ಕಾಂಪೌಂಡರಿಗೆ ನಾನು ಹೀಗೆ ಹೇಳಿದಾಗ ಅವರು ಗಾಬರಿಯಾದದ್ದುಂಟು.

ನನ್ನ ಜಗಳ ಕಲಿಸುವವರೊಂದಿಗೆ. ಜಪಾನು 2019ರ ಏಪ್ರಿಲ್‌ನಲ್ಲಿ ನಿರ್ದಿಷ್ಟ ಕೌಶಲದ ವೀಸಾ ತೆರೆಯಿತು; 2021ರ ಜನವರಿಯಲ್ಲಿ ಭಾರತದೊಂದಿಗೆ ಅದರ ಒಪ್ಪಂದವಾಯಿತು. ವೃದ್ಧರ ಆರೈಕೆಗೆ, ಹೋಟೆಲಿಗೆ, ಹೊಲಕ್ಕೆ, ಕಾರ್ಖಾನೆಗೆ ನಮ್ಮ ಹುಡುಗ ಹುಡುಗಿಯರು ಹೊರಟಿದ್ದಾರೆ. ನಮ್ಮ ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಕಲಿಯುತ್ತಿದ್ದಾಳೆ. ದಸರಾ ರಜೆಗೆ ಬಂದಾಗ ನೋಟ್‌ಬುಕ್ ತಂದು ತೋರಿಸಿದಳು. ಥ್ಯಾಂಕ್ಸ್ ಹೇಳುವ ಬಗೆಗಳಿಗೇ ಹನ್ನೆರಡು ಪುಟ. ಎಷ್ಟು ಡಿಗ್ರಿ ಬಾಗಬೇಕೆಂಬುದಕ್ಕೆ ಚಿತ್ರ. ಬೈಸಿಕೊಂಡಾಗ ಹೇಳಬೇಕಾದ ಥ್ಯಾಂಕ್ಸ್ ಬೇರೆ. 'ಸಂಬಳದ ಚೀಟಿ ಅರ್ಥವಾಗಲಿಲ್ಲ', 'ಇವತ್ತು ನನಗೆ ರಜೆ', 'ಮೈಗೆ ಹುಷಾರಿಲ್ಲ, ಎತ್ತಲಾರೆ' ಎಂಬ ಒಂದೇ ಒಂದು ವಾಕ್ಯ ಹುಡುಕಿದರೂ ಸಿಗಲಿಲ್ಲ. ಭಾಷೆ ಕಲಿಸುತ್ತಿದ್ದಾರೋ, ಬಾಯಿ ಹೊಲಿಯುತ್ತಿದ್ದಾರೋ? ಇದನ್ನು ಜಪಾನೀಯರು ಮಾಡುತ್ತಿಲ್ಲ. ಜಪಾನನ್ನು ವಿಡಿಯೊದಲ್ಲಿ ನೋಡಿ ಭಕ್ತರಾದ ನಮ್ಮವರೇ ಮಾಡುತ್ತಿರುವುದು.

ಹದಿಮೂರನೆಯ ಪುಟದಲ್ಲಿ ನಾನೇ ಬರೆದುಕೊಟ್ಟೆ. ಸೊರೆ ವಾ ಕೊಮಾರಿಮಾಸ್. ಅವಳು ಎರಡು ಮೂರು ಸಲ ಓದಿಕೊಂಡಳು.

"ಅಕ್ಕ, ಇದನ್ನ ಹೇಳೋವಾಗ ತಲೆ ಬಗ್ಗಿಸ್ಬೇಕಾ?"

"ಬಗ್ಗಿಸು. ಹೇಳಿ ಮುಗಿಸಿದ ಮೇಲೆ ಮತ್ತೆ ಎತ್ತು."

ಅವಳು ಕನ್ನಡಿ ಇರುವ ಕೋಣೆಗೆ ಹೋದಳು. ಅಡುಗೆಮನೆಯಿಂದ ಅಮ್ಮ, ಯಾರ ಹತ್ತಿರ ಮಾತಾಡ್ತಿದಾಳೆ ಆ ಹುಡುಗಿ, ಎಂದು ಕೇಳುತ್ತಿದ್ದಳು.